ಹಳೆಯ ಮನೆಯ ಬಾಗಿಲಿಗೆ ಬಿದ್ದ ನೋಟಿಸು

ಬ್ರಿಟನ್ನಿನಲ್ಲಿ ಮನೆ ಬದಲಿಸಿದವರು ಎಷ್ಟು ಕಡೆ ಹೊಸ ವಿಳಾಸ ಕೊಡಬೇಕು ಎಂದು ಎಣಿಸಲು ಹೊರಟರೆ ಎರಡು ಕೈಯ ಬೆರಳು ಸಾಲುವುದಿಲ್ಲ. ಬ್ಯಾಂಕು, ಸಂಬಳ ಕೊಡುವ ಕಚೇರಿ, ಕೌನ್ಸಿಲ್ ತೆರಿಗೆ, ಮತದಾರರ ಪಟ್ಟಿ, ಡಾಕ್ಟರ ಕ್ಲಿನಿಕ್ಕು, ಮಕ್ಕಳ ಶಾಲೆ, ವಿದ್ಯುತ್ತು, ನೀರು, ಟಿವಿ ಲೈಸೆನ್ಸು, ಕಾರಿನ ವಿಮೆ. ಆಧಾರ್‌ನಂತೆ ಎಲ್ಲಕ್ಕೂ ಹೊಂದಿಕೊಂಡ ಒಂದು ಕಡತ ಆ ದೇಶದಲ್ಲಿಲ್ಲ. ಒಂದು ಕಚೇರಿಗೆ ಹೇಳಿದ್ದು ಪಕ್ಕದ ಕಚೇರಿಗೆ ಗೊತ್ತಾಗುವುದಿಲ್ಲ. ಲಂಡನ್ನಿನ ಪೂರ್ವದಲ್ಲೋ ರೆಡಿಂಗ್‌ನಲ್ಲೋ ಹೊಸ ಮನೆಗೆ ಹೋಗಿ ಹಾಲುಕ್ಕಿಸಿದ ಕನ್ನಡ ಸಂಸಾರ ಈ ಪಟ್ಟಿಯಲ್ಲಿ ಮುಕ್ಕಾಲನ್ನು ಮುಗಿಸುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ. ಉಳಿದ ಕಾಲಿನಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಕಾರಿನ ಲಾಗ್ ಬುಕ್.

ಅದರ ಸರ್ಕಾರಿ ಹೆಸರು ವಿ5ಸಿ. ವೇಲ್ಸ್‌ನ ಸ್ವಾನ್ಸಿಯಲ್ಲಿರುವ ಡಿವಿಎಲ್‌ಎ ಎಂಬ ವಾಹನ ಮತ್ತು ಚಾಲಕರ ಪರವಾನಗಿ ಸಂಸ್ಥೆ ಇದನ್ನು ಕೊಡುತ್ತದೆ. ಇದು ಕಾರಿನ ಮಾಲೀಕತ್ವದ ಪತ್ರವಲ್ಲ. ಕಾರನ್ನು ಇಟ್ಟುಕೊಂಡವರು ಯಾರು, ಅಂದರೆ ‘ರಿಜಿಸ್ಟರ್ಡ್ ಕೀಪರ್’ ಯಾರು, ಅವರು ಎಲ್ಲಿರುತ್ತಾರೆ ಎಂಬ ಲೆಕ್ಕ ಮಾತ್ರ. ಎಡವಟ್ಟು ಶುರುವಾಗುವುದು ಇಲ್ಲೇ. ಡ್ರೈವಿಂಗ್ ಲೈಸೆನ್ಸು ಕೊಡುವುದೂ ಇದೇ ಸಂಸ್ಥೆ. ಲೈಸೆನ್ಸಿನಲ್ಲಿ ವಿಳಾಸ ಬದಲಿಸಿದವರು ಡಿವಿಎಲ್‌ಎ ಕೆಲಸ ಮುಗಿಯಿತು ಎಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಲೈಸೆನ್ಸಿನ ದಾಖಲೆ ಒಂದು, ಲಾಗ್ ಬುಕ್ಕಿನ ದಾಖಲೆ ಇನ್ನೊಂದು. ಒಂದೇ ಸೂರಿನ ಕೆಳಗಿದ್ದೂ ಅವೆರಡಕ್ಕೆ ಮಾತುಕತೆ ಇಲ್ಲ. ಭಾರತದ ಲೈಸೆನ್ಸಿನ ಮೇಲೆ ಮೊದಲ 12 ತಿಂಗಳು ಗಾಡಿ ಓಡಿಸಲು ಅವಕಾಶವಿರುವುದರಿಂದ, ಹೊಸದಾಗಿ ಹೋದವರ ಕೈಗೆ ಬ್ರಿಟಿಷ್ ಲೈಸೆನ್ಸಿಗಿಂತ ಮೊದಲು ಲಾಗ್ ಬುಕ್ಕೇ ಬಂದಿರುವುದುಂಟು. ಆ ಒಂದು ವರ್ಷದಲ್ಲಿ ಅವರು ಎರಡು ಬಾಡಿಗೆ ಮನೆ ಬದಲಿಸಿದ್ದರೂ ಆಶ್ಚರ್ಯವಿಲ್ಲ. ಆಸ್ಪತ್ರೆಯಿಂದ ಆಸ್ಪತ್ರೆಗೆ ವರ್ಗವಾಗುವ ತರಬೇತಿ ವೈದ್ಯರದ್ದೂ ಇದೇ ಪಾಡು.

ವಿಳಾಸ ತಿಳಿಸದಿದ್ದರೆ 1,000 ಪೌಂಡ್‌ವರೆಗೆ ದಂಡ ಹಾಕಬಹುದು ಎಂದು ಕಾನೂನು ಹೇಳುತ್ತದೆ. ಜನ ಹೆದರುವುದು ಅದಕ್ಕೆ. ಪೆಟ್ಟು ಬೀಳುವುದು ಮಾತ್ರ ಬೇರೆ ದಿಕ್ಕಿನಿಂದ, ಖಾಸಗಿ ಪಾರ್ಕಿಂಗ್ ಕಂಪನಿಗಳ ಕಡೆಯಿಂದ.

ಸೂಪರ್‌ಮಾರ್ಕೆಟ್ಟು, ಆಸ್ಪತ್ರೆ, ಹೆದ್ದಾರಿ ಬದಿಯ ಹೋಟೆಲು, ಅಪಾರ್ಟ್‌ಮೆಂಟಿನ ಅಂಗಳ, ಹೀಗೆ ಖಾಸಗಿ ನೆಲದಲ್ಲಿ ಗಾಡಿ ನಿಲ್ಲಿಸುವ ವ್ಯವಸ್ಥೆಯನ್ನು ಬ್ರಿಟನ್ನಿನಲ್ಲಿ ಕಂಪನಿಗಳು ಗುತ್ತಿಗೆ ಹಿಡಿದು ನಡೆಸುತ್ತವೆ. ಹೊತ್ತು ಮೀರಿ ನಿಲ್ಲಿಸಿದರೆ, ಪರ್ಮಿಟ್ ತೋರಿಸದಿದ್ದರೆ, ಯಂತ್ರದಲ್ಲಿ ನಂಬರು ತಪ್ಪಾಗಿ ಒತ್ತಿದರೆ ‘ಪಾರ್ಕಿಂಗ್ ಚಾರ್ಜ್ ನೋಟಿಸ್’ ಬರುತ್ತದೆ. ರಸ್ತೆಯಲ್ಲಿ ತಪ್ಪಾಗಿ ನಿಲ್ಲಿಸಿದ್ದಕ್ಕೆ ಕೌನ್ಸಿಲ್ ಕೊಡುವುದು ‘ಪೆನಾಲ್ಟಿ ಚಾರ್ಜ್ ನೋಟಿಸ್’. ಎರಡನ್ನೂ ಚುಟುಕಾಗಿ ಕರೆಯುವುದು ಪಿಸಿಎನ್ ಎಂದೇ. ಈ ಹೆಸರಿನ ಸಾಮ್ಯ ಆಕಸ್ಮಿಕವೆಂದು ನಂಬುವುದು ಕಷ್ಟ. ಕಾಗದದ ಬಣ್ಣ, ಹಳದಿ ಲಕೋಟೆ, ಗತ್ತಿನ ಭಾಷೆ ಎಲ್ಲವೂ ಸರ್ಕಾರಿ ದಂಡದ ಚಹರೆಯನ್ನೇ ಹೊತ್ತಿರುತ್ತವೆ. ಅಸಲಿಗೆ ಕೌನ್ಸಿಲ್ಲಿನದು ಶಾಸನಬದ್ಧ ದಂಡ. ಖಾಸಗಿಯವರದು ಒಪ್ಪಂದದ ಬಿಲ್ಲು. ಫಲಕ ಓದಿ ಗಾಡಿ ನಿಲ್ಲಿಸಿದ್ದೀರಿ, ಹಾಗಾಗಿ ಫಲಕದಲ್ಲಿರುವ ಷರತ್ತಿಗೆ ಒಪ್ಪಿದ್ದೀರಿ ಎನ್ನುವುದು ಅದರ ಹಿಂದಿನ ವಾದ.

ಹಿಂದೆ ಈ ಕಂಪನಿಗಳ ಅಸ್ತ್ರ ಚಕ್ರಕ್ಕೆ ಹಾಕುವ ಬೀಗವಾಗಿತ್ತು. ದುಡ್ಡು ಕೊಟ್ಟರೆ ಬೀಗ ತೆಗೆಯುತ್ತಿದ್ದರು, ಇಲ್ಲದಿದ್ದರೆ ಮನೆಗೆ ನಡೆದು ಹೋಗಬೇಕಿತ್ತು. 2012ರ ‘ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್’ ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಖಾಸಗಿ ನೆಲದಲ್ಲಿ ಇದನ್ನು ನಿಷೇಧಿಸಿತು. ಅದೇ ವರ್ಷದ ಅಕ್ಟೋಬರ್ 1ರಂದು ನಿಷೇಧ ಜಾರಿಗೆ ಬಂತು. ಕಂಪನಿಗಳ ಕೈ ಬರಿದಾಗಬಾರದೆಂದು ಅದೇ ಕಾಯ್ದೆಯ ನಾಲ್ಕನೆಯ ಅನುಸೂಚಿ ಬೇರೊಂದು ಅಸ್ತ್ರ ಕೊಟ್ಟಿತು. ಗಾಡಿ ಓಡಿಸಿದವರು ಯಾರೆಂದು ಗೊತ್ತಾಗದಿದ್ದರೆ, ನಿಯಮದಂತೆ ನೋಟಿಸು ಕೊಟ್ಟ ಪಕ್ಷದಲ್ಲಿ, ರಿಜಿಸ್ಟರ್ಡ್ ಕೀಪರ್‌ನಿಂದಲೇ ಹಣ ವಸೂಲಿ ಮಾಡಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಏರ್ಪಾಡು ಇದು. ಭಾವಮೈದುನ ನಿಲ್ಲಿಸಿದ ಕಾರಿಗೆ ಭಾವನ ಹೆಸರಲ್ಲಿ ಚೀಟಿ ಬರುತ್ತದೆ. ಸ್ಕಾಟ್ಲೆಂಡಿಗೂ ಉತ್ತರ ಐರ್ಲೆಂಡಿಗೂ ಈ ಅನುಸೂಚಿ ಅನ್ವಯಿಸುವುದಿಲ್ಲ. ಉಳಿದೆಡೆ ಕಂಪನಿಗೆ ಬೇಕಾದದ್ದು ಇನ್ನು ಒಂದೇ: ಕೀಪರ್‌ನ ಹೆಸರು ಮತ್ತು ವಿಳಾಸ.

ಅದು ಸಿಗುವುದು ಸ್ವಾನ್ಸಿಯಲ್ಲಿ. ಮಾನ್ಯತೆ ಪಡೆದ ಎರಡು ವ್ಯಾಪಾರಿ ಸಂಘಗಳಲ್ಲಿ, ಅಂದರೆ ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ ಅಥವಾ ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯುನಿಟಿಯಲ್ಲಿ, ಸದಸ್ಯನಾಗಿರುವ ಕಂಪನಿ ಒಂದು ನಂಬರಿಗೆ 2.50 ಪೌಂಡ್ ಕೊಟ್ಟು ವಿವರ ಪಡೆಯಬಹುದು. ಇದು ಖರ್ಚು ಸರಿದೂಗಿಸುವ ಶುಲ್ಕ, ಲಾಭವಲ್ಲ ಎನ್ನುತ್ತದೆ ಡಿವಿಎಲ್‌ಎ. ಕಾಯ್ದೆ ಬಂದ 2012-13ರಲ್ಲಿ ಹೀಗೆ ಕೇಳಿದ ವಿವರಗಳ ಸಂಖ್ಯೆ ಸುಮಾರು 19 ಲಕ್ಷ. 2023-24ರಲ್ಲಿ ಅದು ಒಂದು ಕೋಟಿ 28 ಲಕ್ಷದ ಹತ್ತಿರ. ಬೀಗದವನು ಗಾಡಿಯ ಪಕ್ಕದಲ್ಲಿ ನಿಂತಿರಬೇಕಿತ್ತು. ಈಗ ಕಂಬದ ಮೇಲೆ ಕೂತ ಕ್ಯಾಮರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ, ಉಳಿದದ್ದು ಕಂಪ್ಯೂಟರಿಗೂ ಕಂಪ್ಯೂಟರಿಗೂ ನಡೆಯುವ ವ್ಯವಹಾರ. ಇಡೀ ಯಂತ್ರ ನಿಂತಿರುವುದು ಲಾಗ್ ಬುಕ್ಕಿನ ಆ ಮೂರು ಸಾಲಿನ ವಿಳಾಸದ ಮೇಲೆ. ಅದು ಸರಿಯಿದೆಯೇ ಎಂದು ಯಂತ್ರ ಕೇಳುವುದಿಲ್ಲ.

ಇಂಥ ಚೀಟಿಯನ್ನು ಹರಿದು ಬಿಸಾಡಿ, ಏನೂ ಆಗುವುದಿಲ್ಲ ಎನ್ನುವ ಉಪದೇಶ ಒಂದು ಕಾಲದಲ್ಲಿ ಬ್ರಿಟನ್ನಿನ ತುಂಬ ಚಾಲ್ತಿಯಲ್ಲಿತ್ತು. ಅದಕ್ಕೆ ಕಲ್ಲು ಹಾಕಿದ್ದು ಬ್ಯಾರಿ ಬೀವಿಸ್ ಎಂಬ, ಚಿಪ್ಸ್ ಅಂಗಡಿ ನಡೆಸುತ್ತಿದ್ದ ಎಸೆಕ್ಸ್‌ನ ಗೃಹಸ್ಥನ ಮೊಕದ್ದಮೆ. 2013ರ ಏಪ್ರಿಲ್‌ನಲ್ಲಿ ಚೆಮ್ಸ್‌ಫರ್ಡಿನ ಒಂದು ಮಾರುಕಟ್ಟೆ ಸಂಕೀರ್ಣದಲ್ಲಿ ಎರಡು ಗಂಟೆಯ ಮಿತಿಯನ್ನು ಮೀರಿ ಅವನ ಕಾರು 56 ನಿಮಿಷ ಹೆಚ್ಚಿಗೆ ನಿಂತಿತ್ತು. ಪಾರ್ಕಿಂಗ್‌ಐ ಕಂಪನಿ 85 ಪೌಂಡ್ ಕೇಳಿತು. ಉಚಿತ ನಿಲುಗಡೆಯ ಜಾಗದಲ್ಲಿ ಯಾರಿಗೂ ನಷ್ಟವಾಗಿಲ್ಲ, ಹಾಗಾಗಿ ಇದು ಶಿಕ್ಷೆಯ ರೂಪದ, ಜಾರಿಯಾಗದ ಷರತ್ತು ಎನ್ನುವುದು ಬೀವಿಸ್ ವಾದ. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2015ರ ನವೆಂಬರ್ 4ರಂದು ಏಳು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಕಂಪನಿಯ ಪರ ನಿಂತರು. ಲಾರ್ಡ್ ಟೂಲ್ಸನ್ ಒಬ್ಬರೇ ಭಿನ್ನಮತ ಬರೆದರು. ಜಾಗ ಬೇಗ ಖಾಲಿಯಾಗುತ್ತಿರಬೇಕು ಎಂಬ ನ್ಯಾಯಯುತ ಹಿತಾಸಕ್ತಿ ಕಂಪನಿಗಿದೆ, ಫಲಕ ದೊಡ್ಡದಾಗಿತ್ತು, 85 ಪೌಂಡ್ ಅತಿರೇಕವಲ್ಲ ಎಂದಿತು ಬಹುಮತ. ಈ ಕೇಸಿನಲ್ಲಿ ಹೊರಬಿದ್ದ ಒಂದು ಸಂಗತಿ ಸ್ವಾರಸ್ಯವಾಗಿದೆ. ಆ ಜಾಗ ನೋಡಿಕೊಳ್ಳಲು ನೆಲದೊಡೆಯ ಕಂಪನಿಗೆ ಸಂಬಳ ಕೊಡುತ್ತಿರಲಿಲ್ಲ. ಕಂಪನಿಯೇ ನೆಲದೊಡೆಯನಿಗೆ ವಾರಕ್ಕೆ 1,000 ಪೌಂಡ್ ಕೊಡುತ್ತಿತ್ತು. ಆದಾಯವೆಲ್ಲ ತಪ್ಪು ಮಾಡುವವರಿಂದ ಬರಬೇಕಾದದ್ದು. ಬೀವಿಸ್ ತೀರ್ಪಿನ ಮೇಲೆ ಹತ್ತು ವರ್ಷದಿಂದ ಈ ಉದ್ಯಮ ಬೆಳೆದು ನಿಂತಿದೆ.

ಈಗ ಹಳೆಯ ಮನೆಯ ಬಾಗಿಲಿಗೆ ಹೋಗೋಣ. ಒಂದು ಕುಟುಂಬ ಸ್ಲೌನಿಂದ ಮಿಲ್ಟನ್ ಕೀನ್ಸ್‌ಗೆ ಹೋಯಿತು ಎಂದಿಟ್ಟುಕೊಳ್ಳಿ. ಹೋಗುವ ವಾರ ಯಾವುದೋ ಸೂಪರ್‌ಮಾರ್ಕೆಟ್ಟಿನಲ್ಲಿ ಕಾರು ಅರ್ಧ ಗಂಟೆ ಹೆಚ್ಚು ನಿಂತಿತು. ಗಾಜಿಗೆ ಚೀಟಿ ಅಂಟಿಸಿಲ್ಲ, ಕ್ಯಾಮರಾ ಹಿಡಿದದ್ದು, ಆದ್ದರಿಂದ ಮನೆಯವರಿಗೆ ಸುಳಿವೇ ಇಲ್ಲ. ಇಂಥ ಸಂದರ್ಭದಲ್ಲಿ ಕೀಪರ್‌ನನ್ನು ಹೊಣೆ ಮಾಡಬೇಕಾದರೆ ನೋಟಿಸು 14 ದಿನದೊಳಗೆ ತಲುಪಬೇಕು. ಅದು ತಲುಪುತ್ತದೆ, ಸ್ಲೌ ಮನೆಗೆ. ಅದರಲ್ಲಿ 100 ಪೌಂಡ್ ಎಂದಿರುತ್ತದೆ, 14 ದಿನದೊಳಗೆ ಕಟ್ಟಿದರೆ 60. ಹೊಸ ಬಾಡಿಗೆದಾರರು ಲಕೋಟೆಯನ್ನು ಮೆಟ್ಟಿಲ ಮೇಲಿನ ರಾಶಿಗೆ ಸೇರಿಸುತ್ತಾರೆ. ಜ್ಞಾಪನ ಪತ್ರ ಬರುತ್ತದೆ, ರಾಶಿಗೆ ಸೇರುತ್ತದೆ. ಆಮೇಲೆ ಸಾಲ ವಸೂಲಿ ಏಜೆನ್ಸಿಯ ಕೆಂಪಕ್ಷರದ ಕಾಗದ. ಅಷ್ಟರಲ್ಲಿ ಮೇಲೆ 70 ಪೌಂಡ್ ಕೊಸರು ಬಿದ್ದು ಮೊತ್ತ 170 ಆಗಿರುತ್ತದೆ. ನಂತರ ವಕೀಲರ ಕಚೇರಿಯಿಂದ ದಾವೆಪೂರ್ವ ಪತ್ರ, ಉತ್ತರಕ್ಕೆ 30 ದಿನದ ಗಡುವು. ಕೊನೆಗೆ ಕೌಂಟಿ ಕೋರ್ಟಿನ ಕ್ಲೇಮ್ ಫಾರ್ಮ್. ಇವು ನಾರ್ಥಾಂಪ್ಟನ್‌ನ ಸಿವಿಲ್ ನ್ಯಾಷನಲ್ ಬಿಸಿನೆಸ್ ಸೆಂಟರಿನಿಂದ ಕಂತೆಕಂತೆಯಾಗಿ ಹೊರಡುತ್ತವೆ. ಹೊರಟ ಐದನೆಯ ದಿನಕ್ಕೆ ಜಾರಿಯಾಯಿತು ಎಂದು ಕಾನೂನು ಭಾವಿಸಿಕೊಳ್ಳುತ್ತದೆ. ಅಲ್ಲಿಂದ 14 ದಿನ ಉತ್ತರವಿಲ್ಲದಿದ್ದರೆ ಕಂಪನಿ ಏಕಪಕ್ಷೀಯ ತೀರ್ಪು ಕೇಳಬಹುದು. ವಿಚಾರಣೆಯಿಲ್ಲ, ಜಡ್ಜಿನ ಮುಂದೆ ಯಾರೂ ನಿಲ್ಲುವುದಿಲ್ಲ. 170ಕ್ಕೆ ಕೋರ್ಟಿನ ಶುಲ್ಕ 35, ವಕೀಲರ ನಿಗದಿತ ವೆಚ್ಚ 50 ಸೇರಿ 255 ಪೌಂಡ್, ಮೇಲೆ ಬಡ್ಡಿ. ದಾವೆ ಹೂಡಲು ಕಂಪನಿಗೆ ಆರು ವರ್ಷ ಸಮಯವಿರುವುದರಿಂದ ಇದೆಲ್ಲ ತಕ್ಷಣ ಆಗಬೇಕೆಂದೂ ಇಲ್ಲ. ಮಿಲ್ಟನ್ ಕೀನ್ಸ್‌ನಲ್ಲಿ ಮಗು ಶಾಲೆಗೆ ಸೇರಿದ ಮೇಲೂ ಆಗಬಹುದು.

255 ಪೌಂಡ್ ಹೋದರೆ ಹೋಯಿತು ಎನ್ನುವ ಹಾಗಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಆ ತೀರ್ಪಿಗೆ ಕೌಂಟಿ ಕೋರ್ಟ್ ಜಡ್ಜ್‌ಮೆಂಟ್, ಚುಟುಕಾಗಿ ಸಿಸಿಜೆ ಎಂದು ಹೆಸರು. ತೀರ್ಪಾದ ಒಂದು ತಿಂಗಳೊಳಗೆ ಹಣ ಕಟ್ಟಿದರೆ ಇಂಥ ತೀರ್ಪುಗಳ ದಾಖಲೆಯಿಂದ ಹೆಸರೇ ಅಳಿಯುತ್ತದೆ. ಒಂದು ದಿನ ತಡವಾದರೂ ‘ತೀರಿಸಲಾಗಿದೆ’ ಎಂಬ ಷರಾ ಬೀಳುತ್ತದೆಯೇ ಹೊರತು ನಮೂದು ಆರು ವರ್ಷ ಹಾಗೇ ಇರುತ್ತದೆ. ತೀರ್ಪಿನ ಪ್ರತಿಯೂ ಸ್ಲೌ ಮೆಟ್ಟಿಲ ಮೇಲೇ ಬಿದ್ದಿರುವಾಗ ಒಂದು ತಿಂಗಳ ಗಡುವಿಗೆ ಏನು ಅರ್ಥ? ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಮೂರೂ ಸಾಲ ಮಾಹಿತಿ ಸಂಸ್ಥೆಗಳು ಈ ನಮೂದನ್ನು ಎತ್ತಿಕೊಳ್ಳುತ್ತವೆ. ಮನೆ ಸಾಲ ಕೇಳಲು ಹೋದಾಗ, ಬಾಡಿಗೆ ಮನೆಯ ಏಜೆಂಟ್ ಪೂರ್ವಾಪರ ವಿಚಾರಿಸಿದಾಗ, ಹೊಸ ಮೊಬೈಲ್ ಕಂತಿನಲ್ಲಿ ಕೊಳ್ಳಲು ಹೊರಟಾಗ ವಿಷಯ ಹೊರಬರುತ್ತದೆ. ಬಹುಪಾಲು ಜನರಿಗೆ ತಮ್ಮ ಮೇಲೊಂದು ಕೇಸು ನಡೆದು ಮುಗಿದಿದೆ ಎಂದು ಗೊತ್ತಾಗುವುದೇ ಹೀಗೆ.

ಕನ್ನಡಿಗರಂಥ ವಲಸಿಗರಿಗೆ ಇನ್ನೊಂದು ಎಳೆ ಇದೆ, ಇದನ್ನು ಬ್ರಿಟಿಷ್ ಪತ್ರಿಕೆಗಳು ಅಷ್ಟಾಗಿ ಬರೆಯುವುದಿಲ್ಲ. ವೀಸಾ ವಿಸ್ತರಣೆ, ಕಾಯಂ ನೆಲೆಸುವಿಕೆಯ ಆನ್‌ಲೈನ್ ಅರ್ಜಿಗಳು ಅಪರಾಧದ ಹಿನ್ನೆಲೆ ಕೇಳುವ ಪುಟದಲ್ಲೇ, ಸಾಲ ತೀರಿಸದ ಕಾರಣಕ್ಕೆ ನಿಮ್ಮ ಮೇಲೆ ಸಿವಿಲ್ ಕೋರ್ಟಿನ ತೀರ್ಪು ಆಗಿದೆಯೇ ಎಂದೂ ಕೇಳುತ್ತವೆ. ಸಿಸಿಜೆ ಅಪರಾಧವಲ್ಲ, ಒಂದು ಪಾರ್ಕಿಂಗ್ ಚೀಟಿಗಾಗಿ ವೀಸಾ ಹೋಗುತ್ತದೆ ಎಂದು ಹೆದರಬೇಕಾಗಿಲ್ಲ. ಆದರೆ ಕೇಸೇ ಗೊತ್ತಿಲ್ಲದೆ ‘ಇಲ್ಲ’ ಎಂದು ಗುರುತು ಹಾಕಿದವರ ಉತ್ತರ ದಾಖಲೆಗೆ ವಿರುದ್ಧವಾಗಿ ನಿಲ್ಲುತ್ತದೆ. ಸಣ್ಣ ಬಿಲ್ಲಿಗಿಂತ ಈ ಸಣ್ಣ ಗುರುತು ಹೆಚ್ಚು ಕಾಡಬಲ್ಲದು.

ತಪ್ಪು ವಿಳಾಸಕ್ಕೆ ಹೋದ ಕಾಗದಕ್ಕೆ ಬೆಲೆಯುಂಟೇ? ಕಾನೂನಿನ ಉತ್ತರ ಎರಡು ತುಂಡಾಗಿದೆ, ಆ ಸೀಳಿನಲ್ಲೇ ವಕೀಲರಿಗೂ ನೊಂದವರಿಗೂ ಕೆಲಸವಿರುವುದು. ಮೊದಲ ನೋಟಿಸಿನ ಮಟ್ಟಿಗೆ 2012ರ ಕಾಯ್ದೆ ಕಂಪನಿಯ ಪರ. ಕೀಪರ್‌ನ ನೋಂದಾಯಿತ ವಿಳಾಸಕ್ಕೆ ಕಳಿಸಿದರೆ ಸಾಕು; ಲಾಗ್ ಬುಕ್ ತಿದ್ದಿಸದವರು ಅದು ನನ್ನ ಮನೆಯಲ್ಲ ಎಂದು ತಕರಾರು ಮಾಡುವಂತಿಲ್ಲ. ಕೋರ್ಟಿನ ಕ್ಲೇಮ್ ಫಾರ್ಮಿಗೆ ಮಾತ್ರ ಇಷ್ಟು ಸಾಲದು. ಸಿವಿಲ್ ಪ್ರಕ್ರಿಯಾ ನಿಯಮಗಳ 6.9ನೆಯ ನಿಯಮದಂತೆ ವ್ಯಕ್ತಿಯ ಈಗಿನ ಅಥವಾ ಕೊನೆಯದಾಗಿ ಗೊತ್ತಿದ್ದ ಮನೆಗೆ ಅದು ಹೋಗಬೇಕು. ಅವರು ಅಲ್ಲಿ ಇಲ್ಲ ಎಂದು ನಂಬಲು ಕಾರಣವಿದ್ದರೆ ಹೊಸ ವಿಳಾಸ ಪತ್ತೆಹಚ್ಚಲು ಸಮಂಜಸವಾದ ಪ್ರಯತ್ನ ಮಾಡಲೇಬೇಕು. ಕಾರಣ ಏನಿರಬಹುದು? ಸ್ಲೌನ ಹೊಸ ಬಾಡಿಗೆದಾರರು ‘ಇವರು ಇಲ್ಲಿಲ್ಲ’ ಎಂದು ಬರೆದು ಕಾಗದ ಹಿಂದಿರುಗಿಸಿದ್ದರೆ ಅದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಐದು ಪತ್ರಕ್ಕೆ ಒಂದು ಉತ್ತರವೂ ಬಾರದಿರುವುದು ಕಾರಣವಾಗುತ್ತದೆಯೇ ಎಂಬಲ್ಲಿ ವಾದ ಶುರುವಾಗುತ್ತದೆ. ಬೇಕೆಂದೇ ಉತ್ತರ ಕೊಡದವರೂ ಇದ್ದಾರೆ, ನಿಜ. ಆದರೆ ಸಾಲ ಮಾಹಿತಿ ಸಂಸ್ಥೆಗಳಲ್ಲಿ ಕೆಲವೇ ಪೌಂಡುಗಳಿಗೆ ವಿಳಾಸ ಹುಡುಕಿಸಬಹುದಾದ ದೇಶದಲ್ಲಿ, ಹೆಸರು ಗೊತ್ತಿರುವ ಮನುಷ್ಯ ಸಿಗಲಿಲ್ಲ ಎನ್ನುವ ಮಾತು ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ತೀರ್ಪು ಸಿಕ್ಕ ಮೇಲೆ ವಸೂಲಿಗೆ ಹೊರಟಾಗ ಅದೇ ಮನುಷ್ಯ ಪತ್ತೆಯಾಗುವ ವಿಚಿತ್ರವೂ ಉಂಟು. ಹಳೆಯ ವಿಳಾಸಗಳಿಗೆ ಕಾಗದ ಕಳಿಸಿ ಸಿಸಿಜೆ ಗಿಟ್ಟಿಸುವ ಪರಿಪಾಟದ ಬಗ್ಗೆ 2016ರ ಕೊನೆಯಲ್ಲಿ ಬ್ರಿಟಿಷ್ ಸರ್ಕಾರವೇ ಆತಂಕ ವ್ಯಕ್ತಪಡಿಸಿ, ಕ್ರಮ ಕೈಗೊಳ್ಳುವುದಾಗಿ ಹೇಳಿತ್ತು.

ಇಂಥ ತೀರ್ಪನ್ನು ತೆಗೆಸಿಹಾಕುವ ದಾರಿ ಇದೆ. ಎನ್244 ಎಂಬ ಅರ್ಜಿ, ಜೊತೆಗೆ ಸಾಕ್ಷಿ ಹೇಳಿಕೆ, ಬಾಡಿಗೆ ಕರಾರು, ಕೌನ್ಸಿಲ್ ತೆರಿಗೆಯ ಬಿಲ್ಲು, ವಿದ್ಯುತ್ ಬಿಲ್ಲು: ಆ ದಿನಾಂಕದಲ್ಲಿ ಬೇರೆ ಕಡೆ ಇದ್ದೆವು ಎನ್ನುವುದಕ್ಕೆ ಏನೆಲ್ಲ ಸಿಗುತ್ತದೋ ಅದೆಲ್ಲ. ಕ್ಲೇಮ್ ಫಾರ್ಮ್ ನಿಯಮದಂತೆ ಜಾರಿಯಾಗಿಲ್ಲ ಎಂದು ತೋರಿಸಿದರೆ ನ್ಯಾಯಾಲಯ ತೀರ್ಪನ್ನು ರದ್ದು ಮಾಡಲೇಬೇಕು. ಜಾರಿ ಸರಿಯಿದ್ದರೂ ಗೆಲ್ಲುವ ನಿಜವಾದ ಸಾಧ್ಯತೆ ಅಥವಾ ಬೇರೆ ಒಳ್ಳೆಯ ಕಾರಣ ಇದ್ದರೆ ರದ್ದು ಮಾಡಬಹುದು. ಇಲ್ಲಿ ಅರ್ಜಿದಾರ ಗೊತ್ತಾದ ಕೂಡಲೇ ಬಂದನೇ, ಕಾಲ ತಳ್ಳಿದನೇ ಎಂದೂ ನೋಡುತ್ತಾರೆ. ತೊಂದರೆಯೆಂದರೆ ಈ ಅರ್ಜಿಯ ಶುಲ್ಕ. ಅದು 300 ಪೌಂಡ್ ದಾಟಿದೆ. 100 ಪೌಂಡಿನ ಚೀಟಿಯನ್ನು ನೋಡಿಯೇ ಇಲ್ಲ ಎಂದು ಹೇಳಲು 300 ಪೌಂಡ್ ಇಡಬೇಕು. ಕಂಪನಿ ಒಪ್ಪಿ ಇಬ್ಬರೂ ಸೇರಿ ಅರ್ಜಿ ಹಾಕಿದರೆ ಶುಲ್ಕ ಅರ್ಧಕ್ಕಿಂತ ಕಡಿಮೆ, ಆದ್ದರಿಂದ ಮೊದಲು ಕಂಪನಿಯ ವಕೀಲರಿಗೊಂದು ಪತ್ರ ಬರೆದು ನೋಡುವುದು ವಾಡಿಕೆ. ಕಡಿಮೆ ಆದಾಯದವರಿಗೆ ಶುಲ್ಕ ವಿನಾಯಿತಿಯೂ ಇದೆ. ಗೆದ್ದರೆ ಆ ಹಣ ಕಂಪನಿಯಿಂದ ವಾಪಸು ಸಿಗಬಹುದು, ಸಿಗದೆಯೂ ಇರಬಹುದು.

ಕೌನ್ಸಿಲ್ಲಿನ ದಂಡದ ಜೊತೆ ಹೋಲಿಸಿದರೆ ಈ 300 ಪೌಂಡು ಇನ್ನಷ್ಟು ಚುಚ್ಚುತ್ತದೆ. ಕೌನ್ಸಿಲ್ಲಿನ ನೋಟಿಸು ಹಳೆಯ ಮನೆಗೆ ಹೋಗಿ, ಕೊನೆಗೆ ವಸೂಲಿ ಆದೇಶವೇ ಹೊರಟಿತು ಎಂದುಕೊಳ್ಳಿ. ಆಗ ಟಿಇ9 ಎಂಬ ಹೇಳಿಕೆಯಲ್ಲಿ ‘ನೋಟಿಸು ನನಗೆ ಬರಲಿಲ್ಲ’ ಎಂದು ಬರೆದು ನಾರ್ಥಾಂಪ್ಟನ್ನಿನ ಟ್ರಾಫಿಕ್ ಎನ್‌ಫೋರ್ಸ್‌ಮೆಂಟ್ ಸೆಂಟರಿಗೆ ಕಳಿಸಿದರೆ ಸಾಕು. ಶುಲ್ಕವಿಲ್ಲ. ಗಡುವು ಮೀರಿದ್ದರೆ ಏಕೆ ಮೀರಿತೆಂದು ಟಿಇ7 ಎಂಬ ಅರ್ಜಿಯಲ್ಲಿ ಹೇಳಬೇಕು, ಅಷ್ಟೆ. ಜೊತೆಗೆ ಅಲ್ಲಿಯ ಆದೇಶ ಸಿಸಿಜೆ ಪಟ್ಟಿಗೆ ಸೇರುವುದೇ ಇಲ್ಲ. ಸುಳ್ಳು ಹೇಳಿದರೆ ಶಿಕ್ಷೆಯುಂಟು, ನಿಜ ಹೇಳಿದವನಿಗೆ ಬಾಗಿಲು ಬಿಟ್ಟಿ ತೆರೆಯುತ್ತದೆ. ಶಾಸನಬದ್ಧ ದಂಡಕ್ಕೆ ಇರುವ ಈ ಸೌಜನ್ಯ, ಕಂಪನಿಯ ಬಿಲ್ಲಿಗೆ ಏಕಿಲ್ಲ? ಬ್ರಿಟನ್ನಿನಲ್ಲಿ ಈ ವಿಷಯದ ಮೇಲೆ ನಡೆಯುವ ಚರ್ಚೆ ಫಲಕದ ಅಕ್ಷರ ಎಷ್ಟು ದೊಡ್ಡದಿರಬೇಕು, ಎಷ್ಟು ನಿಮಿಷ ರಿಯಾಯಿತಿ ಕೊಡಬೇಕು ಎಂಬುದರ ಸುತ್ತ ಸುತ್ತುತ್ತದೆ. ಬೀಗವನ್ನು ಚಕ್ರದಿಂದ ತೆಗೆದು ವಿಳಾಸಕ್ಕೆ ಹಾಕಿದ್ದರ ಪರಿಣಾಮ ಏನು ಎಂಬ ಪ್ರಶ್ನೆಗೆ ಅಷ್ಟು ಗಮನ ಸಿಕ್ಕಿಲ್ಲ.

ಹಳೆಯ ಮನೆಯ ಕತೆ ಇದಾದರೆ, ಹೊಸ ಮನೆಯ ಅಂಗಳವೂ ನಿರ್ಭಯವಲ್ಲ. ಬ್ರಿಟನ್ನಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ನಿಲುಗಡೆಯನ್ನು ಇಂಥದೇ ಕಂಪನಿಗಳು ನೋಡಿಕೊಳ್ಳುತ್ತವೆ. ಸಾಮಾನು ಇಳಿಸುವ ದಿನ ಪರ್ಮಿಟ್ ಕೈಗೆ ಬಂದಿರುವುದಿಲ್ಲ. ಸೋಫಾ ಲಿಫ್ಟಿನಲ್ಲಿ ಸಿಕ್ಕಿಕೊಂಡಿರುವಾಗ ಕೆಳಗೆ ಕಾರಿನ ಗಾಜಿಗೆ ಚೀಟಿ ಬಿದ್ದಿರುತ್ತದೆ. ಹೋಂಗಾರ್ಡ್ ಸರ್ವೀಸಸ್ ಎಂಬ ಕಂಪನಿಗೂ ಜಾಪ್ಸನ್ ಎಂಬ ನಿವಾಸಿಗೂ ನಡೆದ ಕೇಸು ಹುಟ್ಟಿದ್ದು ಹೀಗೆಯೇ. ಆಕೆ ಒಂದು ಮೇಜನ್ನು ಒಳಗೆ ಸಾಗಿಸಲು ಕಟ್ಟಡದ ಬಾಗಿಲ ಬಳಿ ಸ್ವಲ್ಪ ಹೊತ್ತು ಕಾರು ನಿಲ್ಲಿಸಿದ್ದರು. 2016ರಲ್ಲಿ ಆಕ್ಸ್‌ಫರ್ಡ್ ಕೌಂಟಿ ಕೋರ್ಟಿನಲ್ಲಿ ಮೇಲ್ಮನವಿ ಆಲಿಸಿದ ನ್ಯಾಯಾಧೀಶ ಚಾರ್ಲ್ಸ್ ಹ್ಯಾರಿಸ್, ಸಾಮಾನು ಇಳಿಸಲು ನಿಲ್ಲುವುದು ‘ಪಾರ್ಕಿಂಗ್’ ಅಲ್ಲವೇ ಅಲ್ಲ ಎಂದರು. ಹಾಲಿನವನು, ಅಂಚೆಯವನು, ಪೀಠೋಪಕರಣ ತರುವವನು ಬಾಗಿಲ ಮುಂದೆ ಒಂದು ಗಳಿಗೆ ನಿಲ್ಲುವಂತಿಲ್ಲವಾದರೆ ಅಂಥ ಕಟ್ಟಡದಲ್ಲಿ ಬದುಕು ಸಾಗದು ಎಂಬುದು ಅವರ ತರ್ಕ. ಜೊತೆಗೆ, ಲೀಸಿನಲ್ಲಿ ಆಗಲೇ ಕೊಟ್ಟ ಹಕ್ಕನ್ನು ಯಾವನೋ ನೆಟ್ಟ ಫಲಕ ಕಿತ್ತುಕೊಳ್ಳಲಾರದು. ಕೌಂಟಿ ಕೋರ್ಟಿನ ತೀರ್ಪು ಉಳಿದ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲವಾದರೂ ಹೊಸ ಮನೆಗೆ ಬಂದವರ ವಾದಪತ್ರಗಳಲ್ಲಿ ಇದು ತಪ್ಪದೆ ಕಾಣಿಸಿಕೊಳ್ಳುತ್ತದೆ.

ಮರುವರ್ಷ ಸ್ಕಾಟ್ಲೆಂಡಿನ ಡಂಡೀಯಲ್ಲಿ ಬಂದ ತೀರ್ಪು ಇದರ ಪಕ್ಕದಲ್ಲಿಟ್ಟು ನೋಡಬೇಕಾದದ್ದು. ಅಲ್ಲಿಯ ಯುವತಿಯೊಬ್ಬಳು ತನ್ನ ಕುಟುಂಬದ ಮನೆಯ ಗ್ಯಾರೇಜಿನ ಮುಂದೆಯೇ ಪರ್ಮಿಟ್ ಇಲ್ಲದೆ ಕಾರು ನಿಲ್ಲಿಸುತ್ತ, ಬಂದ ಚೀಟಿಗಳನ್ನೆಲ್ಲ ಕಡೆಗಣಿಸುತ್ತ ಹೋದಳು. ಅವು ಜಾರಿಯಾಗುವುದಿಲ್ಲ ಎಂದು ಆಕೆ ನಂಬಿದ್ದಳು. ಷೆರಿಫ್ ಕೋರ್ಟ್ 24,500 ಪೌಂಡ್ ಕಟ್ಟುವಂತೆ ಹೇಳಿತು. ಕೀಪರ್ ಹೊಣೆಯ ಕಾನೂನೇ ಇಲ್ಲದ ನಾಡಿನಲ್ಲಿ, ಓಡಿಸಿದವಳು ತಾನೇ ಎಂಬುದರಲ್ಲಿ ವಿವಾದವಿಲ್ಲದ್ದರಿಂದ, ಅಷ್ಟೂ ಚೀಟಿಗಳು ಗಂಟು ಬಿದ್ದವು.

ಹೊಸ ವಿಳಾಸಕ್ಕೆ ಹೋದವರು ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಲಾಗ್ ಬುಕ್ಕಿನ ವಿಳಾಸ ಬದಲಿಸಲು ಡಿವಿಎಲ್‌ಎ ದುಡ್ಡು ಕೇಳುವುದಿಲ್ಲ. ಆನ್‌ಲೈನಿನಲ್ಲಿ ಕೆಲವು ನಿಮಿಷದ ಕೆಲಸ, ಅಂಚೆಯಲ್ಲಿ ಕಳಿಸಿದರೆ ಹೊಸ ಪುಸ್ತಕ ಬರಲು ವಾರಗಳು ಬೇಕು. ರಾಯಲ್ ಮೇಲ್‌ಗೆ ಶುಲ್ಕ ಕಟ್ಟಿದರೆ ಹಳೆಯ ವಿಳಾಸದ ಕಾಗದಗಳನ್ನು ಹೊಸ ಮನೆಗೆ ತಿರುಗಿಸುತ್ತದೆ.  ಹಳೆಯ ಚೀಟಿಯೊಂದು ಬಗೆಹರಿಯದೆ ಉಳಿದಿದ್ದರೆ ಆ ಕಂಪನಿಯ ದತ್ತಾಂಶ ರಕ್ಷಣಾ ಅಧಿಕಾರಿಗೆ ಹೊಸ ವಿಳಾಸ ಬರೆದು, ಹಳೆಯದನ್ನು ಅಳಿಸಿ ಎಂದು ಕೇಳಬೇಕು. ಸುಮ್ಮನಿದ್ದರೆ ಮರೆತಾರು ಎಂಬ ಆಸೆಗೆ ಆರು ವರ್ಷದ ಆಯುಷ್ಯವಿದೆ. ಒಮ್ಮೆ ಹೀಗೆ ತಿಳಿಸಿದ ಮೇಲೆ ಕೋರ್ಟಿನ ಕಾಗದ ಹಳೆಯ ಮನೆಗೆ ಹೋದರೆ 6.9ನೆಯ ನಿಯಮದ ಮುಂದೆ ಕಂಪನಿಗೆ ಹೇಳಲು ಏನೂ ಉಳಿಯುವುದಿಲ್ಲ. ತಮ್ಮ ಬಗ್ಗೆ ಏನೇನು ದಾಖಲೆ ಇಟ್ಟಿದ್ದೀರಿ ಎಂದು ಕಂಪನಿಯನ್ನು ಉಚಿತವಾಗಿ ಕೇಳಬಹುದು, ಒಂದು ತಿಂಗಳಲ್ಲಿ ಉತ್ತರ ಬರಬೇಕು. ತಮ್ಮ ವಿವರ ಯಾರಿಗೆ ಕೊಟ್ಟಿರಿ ಎಂದು ಡಿವಿಎಲ್‌ಎಯನ್ನೂ ಕೇಳಬಹುದು. ಚೀಟಿ ತಡವಾಗಿ ಕೈಗೆ ಸಿಕ್ಕಿದವರು ಮೊದಲು ನೋಡಬೇಕಾದದ್ದು ಅದು ಯಾವ ಸಂಘದ ಸದಸ್ಯ ಕಂಪನಿಯದು ಎಂಬುದನ್ನು. ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ನಿನದಾದರೆ ಮೇಲ್ಮನವಿ ಪಾಪ್ಲಾ ಎಂಬ ವ್ಯವಸ್ಥೆಗೆ, ಇನ್ನೊಂದರದಾದರೆ ಐಎಎಸ್ ಎಂಬುದಕ್ಕೆ. ವಸೂಲಿ ಏಜೆನ್ಸಿಯ ಕಾಗದಕ್ಕೆ ನಡುಗಬೇಕಿಲ್ಲ. ಅವರಿಗೆ ಮನೆಯ ಹೊಸಿಲು ದಾಟುವ ಅಧಿಕಾರವಿಲ್ಲ. ಕೋರ್ಟಿನ ಅಮೀನರ ಮಾತೇ ಬೇರೆ, ಆದರೆ ಅವರು ಬರುವುದು ತೀರ್ಪಾದ ಮೇಲೆ.

ಬೆಂಗಳೂರಿನಿಂದ ಹೋದವರಿಗೆ ಚೀಟಿಯನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಅದಕ್ಕೆ ಕಾರಣವಿದೆ. ವಿಳಾಸ ಬದಲಾದರೆ 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು ಎನ್ನುತ್ತದೆ ನಮ್ಮ ಮೋಟಾರು ವಾಹನ ಕಾಯ್ದೆಯ 49ನೆಯ ಕಲಮು. ಆರ್‌ಸಿಯಲ್ಲಿ ಇನ್ನೂ ಮದುವೆಗೆ ಮುಂಚಿನ ಬಾಡಿಗೆ ಮನೆಯ ವಿಳಾಸವಿರುವ ಸ್ಕೂಟರುಗಳಿಗೆ ಲೆಕ್ಕವಿಲ್ಲ. ಬಾಕಿ ದಂಡ ಬೆಟ್ಟವಾದಾಗ ಸರ್ಕಾರವೇ ಇಳಿದು ಬರುತ್ತದೆ. 2023ರ ಫೆಬ್ರವರಿಯಲ್ಲಿ ಸಂಚಾರ ದಂಡಕ್ಕೆ ಅರ್ಧ ರಿಯಾಯಿತಿ ಘೋಷಿಸಿದಾಗ ಬೆಂಗಳೂರಿನ ಜನ ಸಾಲುಗಟ್ಟಿ ನಿಂತು 100 ಕೋಟಿ ರೂಪಾಯಿಗೂ ಮೇಲೆ ಕಟ್ಟಿದರು. ನಾರ್ಥಾಂಪ್ಟನ್ನಿನಲ್ಲಿ ಅಂಥ ಫೆಬ್ರವರಿ ಬರುವುದಿಲ್ಲ. ಅಲ್ಲಿ ರಿಯಾಯಿತಿ ಮೊದಲ 14 ದಿನಕ್ಕೆ, ಆಮೇಲೆ ಏರುವುದೊಂದೇ ಗೊತ್ತು.

ಸುಧಾರಣೆಯ ಮಾತು ಬ್ರಿಟಿಷ್ ಸಂಸತ್ತಿನಲ್ಲಿ ಹಳೆಯದೇ. ಕನ್ಸರ್ವೇಟಿವ್ ಸಂಸದ ಸರ್ ಗ್ರೆಗ್ ನೈಟ್ ಮಂಡಿಸಿದ ಖಾಸಗಿ ಸದಸ್ಯ ಮಸೂದೆ 2019ರಲ್ಲಿ ಪಾರ್ಕಿಂಗ್ ನಡಾವಳಿ ಕಾಯ್ದೆಯಾಯಿತು; ಕಂಪನಿಗಳು ಪಾಲಿಸಬೇಕಾದ ಸಂಹಿತೆಯನ್ನು ಸರ್ಕಾರವೇ ಬರೆಯಬೇಕು ಎಂಬುದು ಅದರ ತಿರುಳು. 2022ರ ಫೆಬ್ರವರಿಯಲ್ಲಿ ಸಂಹಿತೆ ಹೊರಬಂತು. ಬಹುಪಾಲು ಚೀಟಿಗಳಿಗೆ ಲಂಡನ್ನಿನ ಹೊರಗೆ 50 ಪೌಂಡಿನ ಮಿತಿ, ವಸೂಲಿ ಏಜೆನ್ಸಿಯ 70 ಪೌಂಡ್ ಕೊಸರಿಗೆ ಪೂರ್ತಿ ನಿಷೇಧ ಎಂದು ಅದರಲ್ಲಿತ್ತು. ಕಂಪನಿಗಳು ಕೋರ್ಟಿಗೆ ಹೋದವು, ಜೂನ್ ಹೊತ್ತಿಗೆ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಆ ಖಾಲಿ ಜಾಗದಲ್ಲಿ ಎರಡೂ ವ್ಯಾಪಾರಿ ಸಂಘಗಳು ತಮ್ಮದೇ ಜಂಟಿ ಸಂಹಿತೆ ಬರೆದು 2024ರ ಅಕ್ಟೋಬರ್‌ನಿಂದ ಜಾರಿಗೆ ತಂದವು. ಹತ್ತು ನಿಮಿಷದ ರಿಯಾಯಿತಿ ಕೊಟ್ಟವು, 100 ಪೌಂಡಿನ ಗರಿಷ್ಠ ಮಿತಿಯನ್ನು ಹಾಗೇ ಇಟ್ಟುಕೊಂಡವು. 2025ರ ಜುಲೈನಲ್ಲಿ ಹೊಸ ಸರ್ಕಾರ ಮತ್ತೆ ಕರಡು ಹಿಡಿದು ಜನರ ಅಭಿಪ್ರಾಯ ಕೇಳಿತು. ಬೀಗ ತೆಗೆಸಿದ ನಿಷೇಧಕ್ಕೆ ಆಗ ಹದಿಮೂರು ವರ್ಷ ತುಂಬಲು ಮೂರು ತಿಂಗಳಿತ್ತು, ಸ್ವಾನ್ಸಿಯ ಒಂದು ವಿಳಾಸದ ಬೆಲೆ ಎರಡೂವರೆ ಪೌಂಡೇ ಇತ್ತು.